ನೂರು ಕರೆಗಳಲ್ಲಿ ಕಡತ ಕೇಳಿದ್ದು ನಾಲ್ಕೇ!

ಕಾಲೇಜಿನ ಯಾವ ಕಂಪ್ಯೂಟರ್ ಮುಂದೆ ಕುಳಿತರೂ ನಮ್ಮ ಕಡತಗಳೇ ಕೈಗೆ ಸಿಗಬೇಕು. ಇಂದು ಇದು ಸಾಮಾನ್ಯ ಸಂಗತಿ. ಆದರೆ ಅಂಥ ಕಂಪ್ಯೂಟರ್‌ಗಳು ಐದು ಸಾವಿರವಿದ್ದರೆ?

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1980ರ ದಶಕದಲ್ಲಿ ಐಬಿಎಂ ನೆರವಿನೊಂದಿಗೆ ಕೈಹಾಕಿದ್ದು ಈ ಸಾಹಸಕ್ಕೇ. ಸಂಸ್ಥೆಗೆ ಹೆಸರು ಕೊಟ್ಟ ಕಾರ್ನೆಗಿ, ಮೆಲನ್ ಇಬ್ಬರೂ 'ಆಂಡ್ರೂ'ಗಳೇ. ಹಾಗಾಗಿ ಯೋಜನೆಯ ಹೆಸರೂ ಆಂಡ್ರೂ! ಮದರಾಸಿನ ಐಐಟಿಯಲ್ಲಿ ಓದಿದ ಸತ್ಯನಾರಾಯಣನ್ ಈ ತಂಡದ ಪ್ರಮುಖರಲ್ಲೊಬ್ಬರು.

ಕಡತಗಳೆಲ್ಲ ಇರುವುದು ಸರ್ವರ್ ಎಂಬ ಕಂಪ್ಯೂಟರಿನಲ್ಲಿ. ಪ್ರತಿ ಸಾಲಿಗೂ ಅದರ ಬಾಗಿಲು ತಟ್ಟುವ ಬದಲು ಇಡೀ ಕಡತವನ್ನು ಒಮ್ಮೆಲೇ ತಂದು ನಮ್ಮ ಯಂತ್ರದಲ್ಲೇ ಇಟ್ಟುಕೊಳ್ಳುವುದು, ಬದಲಿಸಿದ್ದರೆ ಮುಚ್ಚುವಾಗ ಹಿಂದಿರುಗಿಸುವುದು ಎಂದಾಯಿತು. ಜಾಣ ಉಪಾಯವೇ. ಆದರೂ ಒಂದು ಸರ್ವರ್ ಇಪ್ಪತ್ತು ಜನರಿಗೇ ಏದುಸಿರು ಬಿಡತೊಡಗಿತು.

ದೊಡ್ಡ ಯಂತ್ರ ಕೊಳ್ಳೋಣ ಎಂದು ಯಾರಿಗಾದರೂ ತೋಚುತ್ತಿತ್ತು. ಇವರು ಸರ್ವರಿಗೆ ಬರುವ ಕರೆಗಳನ್ನು ಎಣಿಸಿದರು. ನೂರರಲ್ಲಿ ಸುಮಾರು 62 ಕರೆಗಳು 'ನನ್ನ ಬಳಿಯ ಪ್ರತಿ ಇನ್ನೂ ಸರಿಯಾಗಿದೆಯೇ?' ಎಂಬ ವಿಚಾರಣೆ. ಇನ್ನು 27 ಕಡತದ ಗಾತ್ರ, ದಿನಾಂಕದಂಥ ವಿವರ ಕೇಳಲು. ಕಡತವನ್ನೇ ತರಲು ಬಂದವು ಕೇವಲ ನಾಲ್ಕು!

ಶಾಲೆಯ ವೇಳಾಪಟ್ಟಿ ಬದಲಾಯಿತೇ ಎಂದು ಪ್ರತಿ ವಿದ್ಯಾರ್ಥಿಯೂ ಗಂಟೆಗೊಮ್ಮೆ ಆಫೀಸಿಗೆ ಓಡಿದರೆ ಗುಮಾಸ್ತರ ಗತಿಯೇನು? 'ಬದಲಾದರೆ ನಾವೇ ಹೇಳಿ ಕಳಿಸುತ್ತೇವೆ, ಹೋಗಿ' ಎಂದರೆ ಸಾಕು. ಎರಡನೆಯ ಆವೃತ್ತಿಯಲ್ಲಿ ಸರ್ವರ್ ಮಾಡಿದ್ದೂ ಇದನ್ನೇ. ಇದರ ಜೊತೆಗೆ ಇನ್ನೂ ಕೆಲವು ಸುಧಾರಣೆಗಳು ಸೇರಿ, ಒಂದು ಸರ್ವರ್ ಸುಮಾರು 50 ಬಳಕೆದಾರರನ್ನು ನಿಭಾಯಿಸುವಂತಾಯಿತು. 1988ರಲ್ಲಿ ತಂಡ ಈ ಲೆಕ್ಕವನ್ನೆಲ್ಲ ಪ್ರಬಂಧವಾಗಿ ಪ್ರಕಟಿಸಿತು.

ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ, ನೋಡಿ. ಯಾರ ಬಳಿ ಯಾವ ಪ್ರತಿ ಇದೆಯೆಂದು ಸರ್ವರ್ ನೆನಪಿಡಬೇಕು. ಅದು ಕೆಟ್ಟು ಮತ್ತೆ ಎದ್ದರೆ ಆ ನೆನಪು ಅಳಿಸಿಹೋಗಿರುತ್ತದೆ. ಆಗ ಎಲ್ಲರೂ ತಮ್ಮ ಪ್ರತಿಗಳನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲೇಬೇಕು. ಇಬ್ಬರು ಗೆಳೆಯರು ಒಂದೇ ಕಡತವನ್ನು ಏಕಕಾಲಕ್ಕೆ ತಿದ್ದಿದರಂತೂ ಕೊನೆಗೆ ಮುಚ್ಚಿದವನ ಪ್ರತಿಯೇ ಉಳಿಯುತ್ತದೆ. ಮೊದಲು ಮುಚ್ಚಿದವನ ಶ್ರಮ ನೀರುಪಾಲು. ವಿದ್ಯಾರ್ಥಿಗಳು ಒಂದೇ ಕಡತವನ್ನು ಹೀಗೆ ಒಟ್ಟಿಗೆ ತಿದ್ದುವುದು ಅಪರೂಪವೆಂದು ಲೆಕ್ಕಹಾಕಿಯೇ ತಂಡ ಇದನ್ನು ಒಪ್ಪಿಕೊಂಡಿತ್ತು.