ಚಿಕ್ಕಪ್ಪನ ಆಲ್ಬಮ್ಮಿಗೆ ಎಷ್ಟು ಬರುತ್ತೆ?

"ಬೆಂಗಳೂರಲ್ಲಿ ಯಾರಿಗಾದ್ರೂ ತೋರ್ಸೋ. ಮೊಮ್ಮಗಳ ಮೊದಲ ವರ್ಷದ ಫೀಸಿಗಾದ್ರೂ ಆಗುತ್ತೆ" ಅಂತ ಚಿಕ್ಕಪ್ಪ ನನ್ನ ಕೈಗೆ ಮೂರು ಆಲ್ಬಮ್ಮು, ಒಂದು ಹಾರ್ಲಿಕ್ಸ್ ಡಬ್ಬಿ ಕೊಟ್ಟರು. ಮೂವತ್ತೈದು ವರ್ಷ ಮೇಷ್ಟರಾಗಿದ್ದವರು. ಹೊಸ ಸ್ಟ್ಯಾಂಪು ಬಂತು ಅಂದ್ರೆ ಸಂಬಳದ ವಾರ ಅಂಚೆ ಕಚೇರಿಗೆ ಹೋಗಿ ಒಂದೊಂದರಲ್ಲಿ ಹತ್ತು ಹತ್ತು ತರೋರು. ಚಿಕ್ಕಮ್ಮ ಗೊಣಗಿದರೆ "ಇದು ಬ್ಯಾಂಕಿಗಿಂತ ಭದ್ರ ಕಣೇ" ಅನ್ನೋರು.

ತೋರಿಸಿದೆ. ಒಬ್ಬರಲ್ಲ, ಮೂವರಿಗೆ. ಮೂವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಎಂಬತ್ತು ತೊಂಬತ್ತರ ದಶಕದ ಸ್ಮರಣಾರ್ಥ ಸ್ಟ್ಯಾಂಪುಗಳಿಗೆ ಮುಖಬೆಲೆಗಿಂತ ಕಡಿಮೆ! ಅಂದರೆ ಅರವತ್ತು ಪೈಸೆ ಸ್ಟ್ಯಾಂಪಿಗೆ ಇವತ್ತು ಅರವತ್ತು ಪೈಸೆಯೂ ಇಲ್ಲ. ನನಗೆ ಮೊದಲು ಮೋಸ ಅನಿಸಿತು. ಆಮೇಲೆ ಕೂತು ಯೋಚಿಸಿದೆ. ಅವರು ಹೇಳಿದ್ದು ಸರಿಯೇ.

ಚಿಕ್ಕಪ್ಪ ಕೂಡಿಟ್ಟ ಹಾಗೇ ಆ ಕಾಲದಲ್ಲಿ ದೇಶದ ತುಂಬ ಮೇಷ್ಟ್ರು, ಗುಮಾಸ್ತರು, ಶಾಲೆ ಮಕ್ಕಳು ಎಲ್ಲರೂ ಕೂಡಿಟ್ಟಿದ್ದಾರೆ. ಲಕ್ಷಗಟ್ಟಲೆ ಅಚ್ಚಾದದ್ದು, ಒಂದೂ ಹರಿಯದೆ ಪ್ಲಾಸ್ಟಿಕ್ ಹಾಳೆಯೊಳಗೆ ಕೂತಿದೆ. ಎಲ್ಲರ ಮನೆಯಲ್ಲೂ ಇರೋದನ್ನ ಯಾರು ಕೊಳ್ತಾರೆ? 2006ರ ಡಿಸೆಂಬರಿನಲ್ಲಿ ಬಂದ ಗಂಧದ ವಾಸನೆಯ 15 ರೂಪಾಯಿ ಸ್ಟ್ಯಾಂಪು ನೆನಪಿದೆಯಾ? ನಮ್ಮ ಮೈಸೂರು ಸೀಮೆಯ ಮರ ಅಂತ ನಾನೂ ತಗೊಂಡು ಮೂಸಿ ನೋಡಿ ಜೋಪಾನ ಮಾಡಿದ್ದೆ. ಜೋಪಾನ ಮಾಡಿದ್ದು ನಾನೊಬ್ಬನೇ ಅಲ್ಲ ಅನ್ನೋದೇ ತೊಂದರೆ.

ಬೆಲೆ ಬಂದಿರೋ ಸ್ಟ್ಯಾಂಪುಗಳ ಕಥೆಯೇ ಬೇರೆ. 1948ರ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಸ್ಟ್ಯಾಂಪು ಬಂದವು, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾಗಿ. ಅದರಲ್ಲಿ ಹತ್ತು ರೂಪಾಯಿಯದು ಆಗಿನ ಕಾಲಕ್ಕೆ ಭಾರಿ ದುಡ್ಡು, ಕೊಂಡವರು ಕಡಿಮೆ. ಗವರ್ನರ್ ಜನರಲ್ ಕಚೇರಿಯ ಬಳಕೆಗೆ 'ಸರ್ವಿಸ್' ಅಂತ ಮೇಲೆ ಅಚ್ಚು ಹಾಕಿದ್ದು ಇನ್ನೂ ಕಡಿಮೆ. ಅಂಥ ನಾಲ್ಕರ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಹೋಯಿತು. ಅದನ್ನ ಯಾರೂ ಸಂಗ್ರಹಕಾರರಿಗೆ ಅಂತ ಮಾಡಿರಲಿಲ್ಲ. 1969ರ ಗಾಂಧಿ ಶತಮಾನೋತ್ಸವದ ಸ್ಟ್ಯಾಂಪು ಚಿಕ್ಕಪ್ಪನ ಹತ್ರ ಹತ್ತಾರಿವೆ. ಗಾಂಧಿ ಅದೇ ಗಾಂಧಿ, ಬೆಲೆ ಮಾತ್ರ ಇಲ್ಲ.

ಇನ್ನು ಹಾರ್ಲಿಕ್ಸ್ ಡಬ್ಬಿ. ಅದೇ 1969ರ ಗಾಂಧಿ ಹತ್ತು ರೂಪಾಯಿ ನಾಣ್ಯ ಐದು ಇದ್ದವು. ತೂಕ 15 ಗ್ರಾಂ, ಬೆಳ್ಳಿ ಶೇಕಡಾ 80, ಅಂದ್ರೆ 12 ಗ್ರಾಂ ಅಪ್ಪಟ ಬೆಳ್ಳಿ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದೂವರೆ ಲಕ್ಷ ದಾಟಿತಲ್ಲ, ಆ ಲೆಕ್ಕದಲ್ಲಿ ಒಂದೊಂದಕ್ಕೆ 1,800 ರೂಪಾಯಿ ಲೋಹವೇ ಆಯ್ತು. ಹತ್ತು ರೂಪಾಯಿಗೆ ತಗೊಂಡಿದ್ದು! ಅವರು ಯೋಚನೆಯೇ ಮಾಡದೆ ಡಬ್ಬಿಗೆ ಹಾಕಿದ್ದು ಉಳೀತು ನೋಡಿ.

ಆದರೆ ನಿವೃತ್ತಿಯಾದ ಮೇಲೆ ಆಸೆಪಟ್ಟು ತರಿಸಿದ್ದರ ಗತಿ ಹಾಗಿಲ್ಲ. 2011ರ ರವೀಂದ್ರನಾಥ ಟ್ಯಾಗೋರ್ 150 ರೂಪಾಯಿ ನಾಣ್ಯ ನೋಡೋಕೆ ದೊಡ್ಡದು, 35 ಗ್ರಾಂ. ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ತಾಮ್ರ, ನಿಕಲ್, ಸತು. ಬೆಳ್ಳಿ ಅಂಗಡಿಯವನು ಮುಖ ಸಿಂಡರಿಸಿದ. ಮೇಲಾಗಿ ಅದು ಸರ್ಕಾರದ ನಾಣ್ಯ, ಕರಗಿಸುವುದು 2011ರ ನಾಣ್ಯ ಕಾಯಿದೆ ಪ್ರಕಾರ ಅಪರಾಧ. ಇನ್ನೊಂದು ಇತ್ತು, ಸ್ಟ್ಯಾಂಪಿನ ಆಕಾರದ ಬೆಳ್ಳಿ ತಗಡು, ಮೇಲೆ ಚಿನ್ನದ ಲೇಪ, ಮಖಮಲ್ಲಿನ ಪೆಟ್ಟಿಗೆ, ಸಹಿ ಮಾಡಿದ ಸರ್ಟಿಫಿಕೇಟು. ಅಂಗಡಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು, ಸರ್ಟಿಫಿಕೇಟು ಓದದೆ, ತಗಡನ್ನ ತಕ್ಕಡಿಗೆ ಹಾಕಿದ. ಅಷ್ಟೇ ಅದರ ಬೆಲೆ. ಚಿಕ್ಕಪ್ಪ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಪೆಟ್ಟಿಗೆಗೂ ಆ ಕಾಗದಕ್ಕೂ ಹೋಗಿತ್ತು.

ನನ್ನ ಸಿಟ್ಟು ಇರೋದು ಇಲ್ಲೇ. 'ಸೀಮಿತ ಸಂಖ್ಯೆ', 'ಮುಂದಿನ ಪೀಳಿಗೆಗೆ ಆಸ್ತಿ' ಅಂತೆಲ್ಲ ಬರೆದು ಪಿಂಚಣಿದಾರರಿಗೆ ಮಾರ್ತಾರಲ್ಲ, ಅವರು ವಾಪಸ್ ಎಷ್ಟಕ್ಕೆ ಕೊಳ್ತೀವಿ ಅಂತ ಅದೇ ಜಾಹೀರಾತಿನಲ್ಲಿ ಬರೆಯಲಿ ನೋಡೋಣ. ಹವ್ಯಾಸ ಅಂತ ಕೊಳ್ಳಿ, ನಾನೇ ಜೊತೆಗೆ ಬರ್ತೀನಿ. ಮೊಮ್ಮಕ್ಕಳ ಓದಿಗೆ ಅಂತಿದ್ದರೆ ಅಂಚೆ ಕಚೇರಿಯಲ್ಲೇ ಪಕ್ಕದ ಕೌಂಟರಿನಲ್ಲಿ ಆರ್‌ಡಿ ಇದೆ.

ಊರಿಗೆ ಹೋಗಿ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಸುಳ್ಳು ಹೇಳೋಣ ಅಂತಲೂ ಅನಿಸಿತ್ತು, ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಗಾಂಧಿ ನಾಣ್ಯ ಐದನ್ನೂ ಮಾರಿಬಿಡು. ಆಲ್ಬಮ್ ಕೊಡಬೇಡ, ಅವನು ಕೊಡೋ ದುಡ್ಡಿಗೆ ಕೊಡಬೇಡ" ಅಂದರು. ಫೀಸಿನ ಉಳಿದ ಭಾಗ ನಾವು ಅಣ್ಣತಮ್ಮಂದಿರು ನೋಡ್ಕೊಳ್ತೀವಿ ಅನ್ನಿ.

ಒಂದೊಂದರಲ್ಲಿ ಹತ್ತಿರೋದರಲ್ಲಿ ಎಂಟನ್ನ ಬಳಸು ಅಂತ ಒಪ್ಪಿದ್ದಾರೆ. ಹಚ್ಚಿದರೆ ಕಾಗದ ಈಗಲೂ ಹೋಗುತ್ತೆ. ಐದು ರೂಪಾಯಿ ಆಗೋಕೆ ಐವತ್ತು ಪೈಸೆಯದು ಹತ್ತು ಬೇಕು, ಲಕೋಟೆಯಲ್ಲಿ ವಿಳಾಸಕ್ಕೆ ಜಾಗ ಉಳಿದರೆ ಪುಣ್ಯ :-) ಕೈಬರಹದ ಪತ್ರ ಬೇಕಾದವರು ವಿಳಾಸ ಮೇಲ್ ಮಾಡಿ. ಹಕ್ಕಿ, ರೈಲು, ಕವಿಗಳು, ಯಾವುದು ಬೇಕು ಅಂತಲೂ ಹೇಳಿ.