ಎಂಸಿಎ ಈಗ ಎರಡೇ ವರ್ಷ: ಎಐ ಹಿಂದೆ ಓಡುವ ಮುನ್ನ ಬುನಾದಿ ಗಟ್ಟಿಯಿದೆಯೇ?

ಎಂಸಿಎ ಕಾಲೇಜುಗಳಲ್ಲಿ ಐಚ್ಛಿಕ ವಿಷಯಗಳ ಪಟ್ಟಿ ಬಂದ ಕೂಡಲೇ ವಿದ್ಯಾರ್ಥಿಗಳ ಕಣ್ಣು ಹೋಗುವುದು ಮಷಿನ್ ಲರ್ನಿಂಗ್, ಡೇಟಾ ಸೈನ್ಸ್ ಕಡೆಗೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಈ ಸೆಳೆತ ಇನ್ನೂ ಹೆಚ್ಚಿದೆ. ಆದರೆ ಆಯ್ಕೆಗೆ ಸಿಗುವ ಸಮಯ ಮಾತ್ರ ಕಡಿಮೆಯಾಗಿದೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2020-21ರಿಂದ ಎಂಸಿಎ ಅವಧಿಯನ್ನು 3 ವರ್ಷದಿಂದ 2 ವರ್ಷಕ್ಕೆ ಇಳಿಸಿತು. ಆರು ಸೆಮಿಸ್ಟರ್ ಇದ್ದದ್ದು ನಾಲ್ಕಾಯಿತು. ಹಲವು ಕಡೆ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್, ಇಂಟರ್ನ್‌ಶಿಪ್‌ಗೇ ಹೋಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಬಹುಪಾಲು ಕಡ್ಡಾಯ ವಿಷಯಗಳೇ ಇರುತ್ತವೆ. ಆಯ್ಕೆಗೆ ಉಳಿಯುವುದು ನಡುವಿನ ಎರಡು ಸೆಮಿಸ್ಟರ್. ಕ್ಯಾಂಪಸ್ ಸಂದರ್ಶನಗಳು ಮೂರನೇ ಸೆಮಿಸ್ಟರ್‌ನಲ್ಲೇ ಶುರುವಾದರೆ, ಆಗಷ್ಟೇ ಆರಂಭಿಸಿದ ವಿಷಯ ಅಲ್ಲಿ ಕೈಹಿಡಿಯುವುದಿಲ್ಲ. ಅಲ್ಲಿ ಕೇಳುವುದು ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ.

ಎಲ್ಲರಿಗೂ ಒಂದೇ ಅಳತೆಯಲ್ಲ

ಬಿಸಿಎ ಮುಗಿಸಿದವರು ಈ ವಿಷಯಗಳನ್ನು ಒಮ್ಮೆ ಓದಿರುತ್ತಾರೆ. ಗಣಿತ ಓದಿದ ಬಿಕಾಂ, ಬಿಎ ಪದವೀಧರರಿಗೂ ಎಂಸಿಎ ಬಾಗಿಲು ತೆರೆದಿದೆ. ಆದರೆ ಅವರಿಗೆ ಈ ಬುನಾದಿ ಹಾಕಿಕೊಡಬೇಕಾದದ್ದು ಬ್ರಿಡ್ಜ್ ಕೋರ್ಸ್. ಅದು ಹೆಸರಿಗಷ್ಟೇ ನಡೆದರೆ, ಗೆಳೆಯರನ್ನು ನೋಡಿ ಅದೇ ಐಚ್ಛಿಕ ವಿಷಯ ತೆಗೆದುಕೊಂಡವರು ಎಡವುವುದು ಖಚಿತ.

ಮಷಿನ್ ಲರ್ನಿಂಗ್‌ಗೆ ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆಯ ಗಣಿತ ಬೇಕು. ಕ್ಲೌಡ್ ಕಂಪ್ಯೂಟಿಂಗ್‌ಗೆ ಆಪರೇಟಿಂಗ್ ಸಿಸ್ಟಂ ಮತ್ತು ನೆಟ್‌ವರ್ಕ್ ತಿಳಿದಿರಬೇಕು. ಇವಿಲ್ಲದಿದ್ದರೆ ಸಿದ್ಧ ಲೈಬ್ರರಿಗಳನ್ನು ಓಡಿಸುವುದಷ್ಟೇ ಕಲಿಕೆಯಾಗುತ್ತದೆ. ಇನ್ನೊಂದೆಡೆ, ಸಾಫ್ಟ್‌ವೇರ್ ಟೆಸ್ಟಿಂಗ್, ಆರ್ಕಿಟೆಕ್ಚರ್‌ನಂಥ ವಿಷಯಗಳು 'ಹಳೆಯದು' ಎಂಬ ಕಾರಣಕ್ಕೆ ಮೂಲೆ ಸೇರುತ್ತಿವೆ. ಎಐ ಬರೆದ ಕೋಡ್ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಬೇಕಾಗಿರುವ ಕಾಲದಲ್ಲಿ ಇದು ದುಬಾರಿ ಅಸಡ್ಡೆ.

2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಹುದ್ದೆಗಳ ಕಡಿತ ಪ್ರಕಟಿಸಿತು. ಹೆಚ್ಚು ಪೆಟ್ಟು ಬಿದ್ದದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಎಐಗಿಂತ ಕೌಶಲದ ಹೊಂದಾಣಿಕೆ ಕೊರತೆಯೇ ಕಾರಣ ಎಂದಿತ್ತು ಕಂಪನಿ. ಯಾವ ಟೂಲ್ ಕೂಡ ವೃತ್ತಿಜೀವನದುದ್ದಕ್ಕೂ ಬಾರದು. ಹೊಸದನ್ನು ಕಲಿಯಲು ಬೇಕಾದ ಬುನಾದಿ ಮಾತ್ರ ಬರುತ್ತದೆ.

ಪಟ್ಟಿಯಲ್ಲಿದ್ದರೆ ಸಾಲದು

ಪಠ್ಯಕ್ರಮದಲ್ಲಿ ಹತ್ತು ಐಚ್ಛಿಕ ವಿಷಯಗಳಿದ್ದರೂ, ಕಲಿಸುವವರು ಇಲ್ಲದಿದ್ದರೆ ಆಯ್ಕೆ ಕಾಗದದ ಮೇಲಷ್ಟೇ. ಇದಕ್ಕೆ ಒಂದು ದಾರಿಯಿದೆ. ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನು 'ಸ್ವಯಂ' ಪೋರ್ಟಲ್ ಮೂಲಕ ಓದಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ಆದರೆ ಯಾವ ಕೋರ್ಸ್‌ನ ಕ್ರೆಡಿಟ್ ಒಪ್ಪಬೇಕೆಂದು ತೀರ್ಮಾನಿಸುವುದು ಆಯಾ ಸಂಸ್ಥೆ. ನೋಂದಣಿಗೆ ಮೊದಲೇ ವಿಭಾಗದ ಲಿಖಿತ ಒಪ್ಪಿಗೆ ಪಡೆಯದಿದ್ದರೆ ಓದಿದ್ದು ಅಂಕಪಟ್ಟಿ ತಲುಪದೇ ಹೋಗಬಹುದು.

ಹೀಗಾಗಿ ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು: ಈ ವಿಷಯಕ್ಕೆ ಮೊದಲೇ ಏನು ಗೊತ್ತಿರಬೇಕು? ಯಾರು ಕಲಿಸುತ್ತಾರೆ? ಸಂದರ್ಶನಕ್ಕೆ ಮುನ್ನ ಎಷ್ಟು ಮುಗಿದಿರುತ್ತದೆ? ವಿಷಯದ ಹೆಸರು ಎಷ್ಟು ಹೊಸದು ಎಂಬುದು ಆಮೇಲಿನ ಮಾತು.