ರಾಜನ ಮಠ, ಕೋಗಿಲೆಯ ಹಾಡು

ಹೋದ ತಿಂಗಳ ಸಂಘದ ಸಭೆಯಲ್ಲಿ ಗೆಳೆಯನೊಬ್ಬ ಎದ್ದು ನಿಂತು ಕೇಳಿದ: "ಆಶ್ರಯ ಇಲ್ದೆ ಸಾಹಿತ್ಯ ಬದುಕಿದ್ದುಂಟೇನ್ರೋ? ಪಂಪನಿಗೆ ಅರಿಕೇಸರಿ ಇರಲಿಲ್ವೆ? ನಮ್ಮ ಪತ್ರಿಕೆಗೂ ಒಬ್ಬ ದೊಡ್ಡ ಪೋಷಕನನ್ನ ಹಿಡಿಯೋಣ." ಎಲ್ಲರೂ ತಲೆದೂಗಿದರು. ನಾನೂ ತೂಗಿದೆ. ಆಮೇಲೆ ಇತಿಹಾಸದ ಪರೀಕ್ಷೆಗೆಂದು ಇಂಗ್ಲೆಂಡಿನ ರೆಡಿಂಗ್ ಮಠದ ಕಥೆ ಓದಿದೆ. ಅಂದು ತಲೆ ತೂಗಿದ್ದು ತಪ್ಪಾಯಿತೆಂದು ಈಗ ಅನ್ನಿಸುತ್ತಿದೆ.

1120ರಲ್ಲಿ 'ವೈಟ್ ಶಿಪ್' ಎಂಬ ಹಡಗು ಮುಳುಗಿ ಒಂದನೆಯ ಹೆನ್ರಿ ದೊರೆಯ ಉತ್ತರಾಧಿಕಾರಿ ಮಗ ಸತ್ತ. ಮರುವರ್ಷವೇ ಹೆನ್ರಿ ಈ ಬೆನೆಡಿಕ್ಟೈನ್ ಮಠಕ್ಕೆ ಅಡಿಪಾಯ ಹಾಕಿಸಿದ. ಫ್ರಾನ್ಸಿನ ಕ್ಲೂನಿಯಿಂದ ಸಂನ್ಯಾಸಿಗಳು ಬಂದರು. ತನ್ನ, ತಂದೆತಾಯಿಯ, ಅಣ್ಣನ, ಹೆಂಡತಿಯ, ಸತ್ತ ಮಗನ ಆತ್ಮಕ್ಕೆ ಸದ್ಗತಿ ಸಿಗಲೆಂದು ಭೂಮಿ ಬಿಟ್ಟ. ನಮ್ಮ ದಾನಶಾಸನಗಳ ಕೊನೆಯಲ್ಲಿ, ದತ್ತಿ ಕಸಿದವನು ಹುಳುವಾಗಿ ಹುಟ್ಟಲಿ ಅಂತ ಶಾಪ ಇರುತ್ತಲ್ಲ, ಆ ದಾನಪತ್ರದಲ್ಲೂ ಅಂಥದೇ ಒಂದು ಶಾಪವಿದೆ: ಇದನ್ನು ಕೆಡಿಸಿದವನ ಸಂತತಿ ನಿರ್ಮೂಲವಾಗಲಿ ಅಂತ!

1136ರಲ್ಲಿ ಹೆನ್ರಿಯನ್ನು ಅಲ್ಲೇ ಹೂಳಿದರು. 1164ರಲ್ಲಿ ಮೊಮ್ಮಗ ಎರಡನೆಯ ಹೆನ್ರಿಯ ಎದುರಿನಲ್ಲಿ ಥಾಮಸ್ ಬೆಕೆಟ್ ಮಠದ ಚರ್ಚನ್ನು ಪ್ರತಿಷ್ಠಾಪಿಸಿದ. 1359ರಲ್ಲಿ ರಾಜಕುಮಾರನ ಮದುವೆಯೂ ಅಲ್ಲೇ ಆಯಿತು. ನಾನೂರು ವರ್ಷ ಇಂಥ ವೈಭವ.

ಆಮೇಲೆ ಬಂದವನು ಎಂಟನೆಯ ಹೆನ್ರಿ. ಆಗಿನ ಮಠಾಧಿಪತಿ ಹ್ಯೂ ಫ್ಯಾರಿಂಗ್ಡನ್ ಅವನಿಗೆ ಬೇಕಾದವನೇ. ರಾಜನ ವಿವಾಹ ವಿಚ್ಛೇದನದ ಪರ 1530ರಲ್ಲಿ ಪೋಪರಿಗೆ ಹೋದ ಮನವಿಗೆ ರುಜು ಹಾಕಿದವನು. ಏನು ಬಂತು? 1539ರ ನವೆಂಬರಿನಲ್ಲಿ ರಾಜದ್ರೋಹದ ಆರೋಪ ಹೊರಿಸಿ, ಅವನದೇ ಮಠದೆದುರು ನೇಣು ಹಾಕಿ, ದೇಹ ತುಂಡರಿಸಿದರು. ಮಾಡಿನ ಸೀಸ, ಗೋಡೆಯ ಕಲ್ಲು ಎಲ್ಲ ಹೋದವು. ಕಟ್ಟಿಸಿದ ದೊರೆಯ ಗೋರಿಯೂ ಹೋಯಿತು. ಎಂಟನೆಯ ಹೆನ್ರಿಯ ಮೂವರು ಮಕ್ಕಳೂ ಸಂತಾನವಿಲ್ಲದೆ ಸತ್ತು, 1603ಕ್ಕೆ ಆ ಮನೆತನ ಮುಗಿಯಿತು ನಿಜ. ಶಾಪ ತಟ್ಟಿತು ಅನ್ನೋರು ಅನ್ನಲಿ. ಮಠವನ್ನಂತೂ ಅದು ಕಾಯಲಿಲ್ಲ.

ಹಾಗಾದರೆ ಉಳಿದದ್ದೇನು? ಒಂದು ಹಾಡು. ಬೇಸಗೆ ಬಂತು, ಕೋಗಿಲೇ ಕೂಗು ಅನ್ನುವ ಹಾಡು. ಹದಿಮೂರನೆಯ ಶತಮಾನದ ನಡುವೆ ಬರೆದದ್ದು. ಆ ಮಠದ ಸಂನ್ಯಾಸಿಗಳ ಬಳಿಯಿದ್ದ ಹಸ್ತಪ್ರತಿಯೊಂದರಲ್ಲಿ ಸ್ವರಲಿಪಿಯ ಸಮೇತ ಸಿಕ್ಕಿದೆ. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಟ್ಟಿದವರು ಯಾರೋ ಗೊತ್ತಿಲ್ಲ. ಅರಮನೆಯ ಮಾತು ಫ್ರೆಂಚ್, ಚರ್ಚಿನದು ಲ್ಯಾಟಿನ್ ಆಗಿದ್ದ ಕಾಲದಲ್ಲಿ ಈ ಹಾಡು ಮಾತ್ರ ಹಟ್ಟಿಯ ಇಂಗ್ಲಿಷಿನಲ್ಲಿದೆ! ಹಾಳು ಮಠದ ಗೋಡೆಯಲ್ಲಿ ಇಂದು ಆ ಹಾಡನ್ನೇ ಕಲ್ಲಿನಲ್ಲಿ ಕೆತ್ತಿ ಇಟ್ಟಿದ್ದಾರೆ.

ಮಠದ ಅನ್ನ, ಬಿಡುವು, ಚರ್ಮದ ಹಾಳೆ ಇಲ್ಲದಿದ್ದರೆ ಆ ಹಾಡು ಉಳಿಯುತ್ತಿತ್ತೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ದುಡ್ಡೇ ಬೇಡ ಅನ್ನುತ್ತಿಲ್ಲ. ಒಬ್ಬನೇ ಪೋಷಕನ ದುಡ್ಡು ಬೇಡ ಅನ್ನುತ್ತೇನೆ. ಒಂದು ಕೈ ಕೊಟ್ಟದ್ದನ್ನು ಅದೇ ಕೈ, ಇಲ್ಲವೆ ಅದರ ವಾರಸುದಾರ, ಒಂದು ದಿನ ಕಸಿಯಬಲ್ಲ. ಐವತ್ತು ಕೈ ಸೇರಿ ಕೊಟ್ಟದ್ದನ್ನು ಕಸಿಯೋದು ಕಷ್ಟ. ಸ್ಟೆನ್ಸಿಲ್ಲಿಗೆ, ಕಾಗದಕ್ಕೆ, ಮಸಿಗೆ ತಲಾ ಇಷ್ಟು ಅಂತ ಹಾಕೋಣ. ಒಂದೊಂದು ಪ್ರತಿ ಒಂದೊಂದು ಮನೆಯಲ್ಲಿರಲಿ. ಈ ಪರಊರಿನಲ್ಲಿ ನಮ್ಮ ಕೋಗಿಲೆ ಕೂಗಬೇಕಾದರೆ ಮುಖಪುಟದ ಮೇಲೆ ಯಾವ ದೊರೆಯ ಹೆಸರೂ ಬೇಕಿಲ್ಲ.

ಮುಂದಿನ ಸಭೆಯಲ್ಲಿ ನಾನು ತಲೆ ತೂಗೋದಿಲ್ಲ, ಕೈ ಎತ್ತುತ್ತೇನೆ. ನೀವು?